ಮನೆದೇವರ ಖಾತೆಯಲ್ಲಿದ್ದ ನನ್ನ ಪಾಟ್ಲಿ

ಅಪ್ಪ ಬೆಳಗಾವಿಯ ಒಂದು ಬಟ್ಟೆ ಅಂಗಡಿಯಲ್ಲಿ ದಿವಾಣಜಿಯಾಗಿದ್ದ. ಲೆಕ್ಕ ಬರೆಯುವವನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೆಸರು ದೊಡ್ಡದು, ಪಗಾರ ಸಣ್ಣದು. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮನೆಗೆ ಬಂದವರೆಲ್ಲ ನನ್ನ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅವರನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅಪ್ಪ ಒಬ್ಬನೇ ಅಳಲಿಲ್ಲ. ಒಂದು ದಿನ ಬಳಪವನ್ನೂ ಪಾಟಿಯನ್ನೂ ತಂದು ನನ್ನ ಮುಂದಿಟ್ಟ.

"ಕುಂದರು. ಲೆಕ್ಕ ಕಲಿ. ಸುಮ್ಮ ಕುಂತ್ರ ತಲಿ ಕೆಡತೈತಿ," ಎಂದ.

ಕೋಟೆ ಕಂದಕದ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಕೂತರೆ ಓಣಿಯವರ ಕಣ್ಣಿಗೆ ಬೀಳುತ್ತೇನೆಂದು ಅಡಿಗೆಮನೆಯ ಬಾಜು ಕೋಣೆಯಲ್ಲಿ ಪಾಠ ನಡೆಯಿತು. ಅಪ್ಪ ಪಾಟಿಯ ನಡುವೆ ಒಂದು ಗೆರೆ ಎಳೆದ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೊಟ್ಟವರ ಹೆಸರು ಎಡಕ್ಕೆ ಹೋಗಬೇಕು, ತೆಗೆದುಕೊಂಡವರ ಹೆಸರು ಬಲಕ್ಕೆ. ಯಾವ ವ್ಯವಹಾರವಾದರೂ ಎರಡು ಕಡೆ ಬರೆಯದೆ ಮುಗಿಯುವುದಿಲ್ಲ. "ರೊಕ್ಕ ಆಕಾಶದಿಂದ ಬೀಳೂದಿಲ್ಲ. ಬಂತು ಅಂದ್ರ ಯಾರೋ ಕೊಟ್ಟಾರ. ಹೋತು ಅಂದ್ರ ಯಾರೋ ತಗೊಂಡಾರ. ಇಬ್ಬರ ಹೆಸರೂ ಬರಿ," ಎನ್ನುತ್ತಿದ್ದ. ಗೋಣಿಚೀಲ ಕೊಂಡರೆ ಗೋಣಿಚೀಲಕ್ಕೂ ಒಂದು ಖಾತೆ, ಗಾಡಿ ಬಾಡಿಗೆಗೂ ಒಂದು ಖಾತೆ. ಸಾಮಾನುಗಳೆಲ್ಲ ಮನುಷ್ಯರಾಗಿ ಬಂದು ನನ್ನ ಮುಂದೆ ಸಾಲು ನಿಂತವು. ಅವುಗಳ ನಡುವೆ ನನಗೆ ಸಮಾಧಾನವೆನಿಸಿತು, ಅವುಗಳಲ್ಲಿ ಯಾವುದೂ ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿರಲಿಲ್ಲ.

ಇನ್ನೆರಡು ಸಂಗತಿಗಳನ್ನು ಆಗಲೇ ಕಲಿತೆ. ಒಬ್ಬರ ಹಣವನ್ನು ಇನ್ನೊಬ್ಬರು ತಂದುಕೊಟ್ಟರೆ ಸಾಲಿನ ಕೊನೆಗೆ 'ಹಸ್ತೆ ಇಂಥವರು' ಎಂದು ಬರೆಯಬೇಕು. ಹಣ ತಂದವರದಲ್ಲ, ಅವರದು ಬರೀ ಕೈ. ಇನ್ನೊಂದು, ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದದ್ದನ್ನು ಹೊಡೆದುಹಾಕಬಾರದು. ನಾನು ತಪ್ಪು ಬರೆದು ಅಂಗೈಯಿಂದ ಪಾಟಿ ಒರೆಸಹೋದಾಗ ಅಪ್ಪ ನನ್ನ ಕೈ ಹಿಡಿದುಕೊಂಡ. "ಪಾಟಿ ಆದ್ರ ಒರಸಬಹುದು, ಪುಸ್ತಕ ಒರಸಾಕ ಬರೂದಿಲ್ಲ. ತಪ್ಪಾತಂದ್ರ ಎದುರು ಬದಿಗೆ ಅಷ್ಟ ಮೊತ್ತ ಬರದು ತಪ್ಪನ್ನ ತೀರಸು. ಆಮ್ಯಾಲೆ ಸರಿ ಇದ್ದದ್ದನ್ನ ಬರಿ." ಇಷ್ಟು ಕಲಿಸಿ, ಮುಂದೊಂದು ಮಳೆಗಾಲದಲ್ಲಿ ಅಪ್ಪ ಹೋಗಿಬಿಟ್ಟ.

ಅಣ್ಣನಿಗೆ ಯಾರ ಕೈಕೆಳಗೂ ದುಡಿಯುವುದು ಒಗ್ಗುತ್ತಿರಲಿಲ್ಲ. ಖಾನಾಪುರದ ಸ್ಟೇಶನ್ನಿನ ಹತ್ತಿರ ಒಂದು ಹಳೆಯ ವಖಾರಿಯನ್ನು, ಎಂದರೆ ಮುಂದೆ ಅಂಗಳವಿದ್ದ ಒಂದು ಗೋದಾಮನ್ನು, ಬಾಡಿಗೆಗೆ ಹಿಡಿದು ಅಳಲೆಕಾಯಿಯ ವ್ಯಾಪಾರ ಮಾಡುತ್ತೇನೆಂದು ಹೊರಟ. ಕಣಕುಂಬಿಯ ಕಡೆಯ ಕಾಡಿನ ಹಳ್ಳಿಗಳವರು ಅಳಲೆಕಾಯಿ ಆರಿಸಿ ತರುತ್ತಾರೆ. ಅದನ್ನು ಕೊಂಡು, ಒಣಗಿಸಿ, ಚೀಲ ಕಟ್ಟಿ ರೈಲಿಗೆ ಹಾಕಿದರೆ ಚರ್ಮ ಹದ ಮಾಡುವವರು ಕೊಳ್ಳುತ್ತಾರೆ. ಕೇಳಲು ಸುಲಭ. ಆದರೆ ಕೈಯಲ್ಲಿ ಬಂಡವಾಳವಿರಲಿಲ್ಲ. ಅಪ್ಪ ಬಿಟ್ಟುಹೋದದ್ದು ಒಂದು ಮಸಿಕುಡಿಕೆ ಮತ್ತು ಒಳ್ಳೆಯ ಹೆಸರು. ಒಳ್ಳೆಯ ಹೆಸರಿಟ್ಟುಕೊಂಡು ಯಾವ ಸರಾಫನೂ ರೊಕ್ಕ ಎಣಿಸುವುದಿಲ್ಲ.

ನನ್ನ ಟ್ರಂಕಿನಲ್ಲಿ ಒಂದು ಜೊತೆ ಪಾಟ್ಲಿಗಳಿದ್ದವು. ಮದುವೆಯಲ್ಲಿ ಅಪ್ಪ ಹಾಕಿದ ಬಂಗಾರದ ಬಳೆಗಳು. ನಾನು ತೊಡುವ ಹಾಗಿರಲಿಲ್ಲ, ಮಾರುವ ಮನಸ್ಸೂ ಇರಲಿಲ್ಲ. ಅಣ್ಣ ಬಾಯಿಬಿಟ್ಟು ಕೇಳಲಿಲ್ಲ. ಊಟಕ್ಕೆ ಕೂತಾಗ ಸರಾಫನ ಬಡ್ಡಿಯ ಮಾತೆತ್ತಿ ನಿಟ್ಟುಸಿರು ಬಿಡುತ್ತಿದ್ದ. ಒಂದು ವಾರ ಆ ನಿಟ್ಟುಸಿರು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಪಾಟ್ಲಿ ತಂದು ಅವನ ತಾಟಿನ ಪಕ್ಕ ಇಟ್ಟೆ.

"ಮಾರು. ಖರೇ ಹೇಳ್ತೀನಿ, ಇದು ದಾನ ಅಲ್ಲ. ನನ್ನ ರೊಕ್ಕ ಅಂತ ಪುಸ್ತಕದಾಗ ಬರೀತೀನಿ," ಎಂದೆ.

"ಬರಿಯವ್ವ. ನಿನ್ನ ರೊಕ್ಕ ನಿನ್ನ ಹೆಸರಿಗೆ," ಎಂದು ಅಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಅವನ ಕಣ್ಣೀರು ಸುಳ್ಳಲ್ಲ, ಬೇಗ ಬೇಗ ಬರುತ್ತಿತ್ತು ಅಷ್ಟೇ.

ದೀಪಾವಳಿಯ ಪಾಡ್ಯದ ದಿನ ಹೊಸ ಪುಸ್ತಕ ಪೂಜೆಗೆ ಕೂತಿತು. ಅರಿಶಿನ ಕುಂಕುಮ ಹಚ್ಚಿ, ಮೇಲೆ ಶ್ರೀಕಾರ ಬರೆದಾಯಿತು. ಇನ್ನು ಮೊದಲ ಜಮಾ ಬರೆಯಬೇಕು. ಅಂಗಡಿಗೆ ಮೊದಲು ಬಂದ ಹಣ ನನ್ನದು, ಹಾಗಾಗಿ ಮೊದಲ ಸಾಲಿಗೆ ನನ್ನ ಹೆಸರು ಬರಬೇಕು. ನಾನು ಲೇಖಣಿ ಅದ್ದಿದೆ. ಅಣ್ಣ ಕೆಮ್ಮಿದ. ಮತ್ತೆ ಕೆಮ್ಮಿದ. ಪೂಜೆಗೆ ಬಂದ ಅಯ್ಯನವರು ಚಾವಣಿಯನ್ನು ನೋಡುತ್ತ ಕೂತರು. ಗಂಡ ಸತ್ತವಳ ಹೆಸರು ಹೊಸ ವ್ಯಾಪಾರದ ಮೊದಲ ಪುಟದಲ್ಲಿ ಮೊದಲಿಗೆ ಬಂದರೆ ಹೇಗೆ ಎಂಬ ಮಾತನ್ನು ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

"ಮನಿದೇವರ ಹೆಸರಿಗೆ ಜಮಾ ಹಾಕೂಣು," ಎಂದ ಅಣ್ಣ ಕೊನೆಗೆ. "ದೇವರು ಅಂದ್ರ ಯಾರದೂ ತಕರಾರಿಲ್ಲ. ಮೊತ್ತ ಅಂತೂ ಅಷ್ಟ ಇರತೈತಿ. ನಮ್ಮ ನಮ್ಮೊಳಗ ಗೊತ್ತೈತಲ್ಲ, ಅದು ನಿಂದು ಅಂತ."

"ಹಸ್ತೆ?" ಎಂದೆ.

ಸರಾಫನಿಂದ ಬಂದ ಹಣವನ್ನು ಒಂದು ಕೆಂಪು ಚೀಲದಲ್ಲಿಟ್ಟು ದೇವರ ಮುಂದೆ ಇಡುವ ಕೆಲಸ ಅತ್ತಿಗೆಯದಾಗಿತ್ತು, ಅವಳು ಮುತ್ತೈದೆಯಲ್ಲವೇ. ಆ ಚೀಲವನ್ನು ಮುಂಜಾನೆ ನಾನೇ ಅವಳ ಕೈಗೆ ಕೊಟ್ಟಿದ್ದೆ. ಬೇಸರದಿಂದಲೋ ದಣಿವಿನಿಂದಲೋ, ನಾನು ವಾದ ಮಾಡಲಿಲ್ಲ. 'ಮನೆದೇವರ ಖಾತೆ ಜಮಾ' ಎಂದು ಬರೆದು, ಮೊತ್ತ ಬರೆದು, ಕೊನೆಗೆ 'ಹಸ್ತೆ' ಎಂದು ಅತ್ತಿಗೆಯ ಹೆಸರು ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು.

ಆಮೇಲೆ ಶುರುವಾದ ದುಡಿತವನ್ನು ಹೇಗೆ ಹೇಳಲಿ. ಸಂತೆಯ ದಿನ ನಸುಕಿನಲ್ಲೆದ್ದು ನೀರು ತಂದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಅಣ್ಣನ ಜೊತೆ ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಅವನು ಚೀಟಿಗಳನ್ನು ತರುತ್ತಿದ್ದ. ಅಂಗಿಯ ಕಿಸೆಯಲ್ಲಿ, ಪಟಕದ ಸುತ್ತಿನಲ್ಲಿ, ಒಮ್ಮೊಮ್ಮೆ ಎಲೆಯಡಿಕೆಯ ಸಂಚಿಯಲ್ಲಿ. ಸುಣ್ಣ ಮೆತ್ತಿದ ಚೀಟಿ ಓದಿ ಯಾರಿಗೆ ಎಷ್ಟು ಕೊಟ್ಟನೆಂದು ಕಂಡುಹಿಡಿಯುವುದರಲ್ಲಿ ನನ್ನ ಕಣ್ಣು ಹೋಗುತ್ತಿತ್ತು. ಮೊದಲು ದಿನದ ಕಿರ್ದಿ ಬರೆಯಬೇಕು, ಆಮೇಲೆ ಒಂದೊಂದು ಸಾಲನ್ನೂ ಅವರವರ ಖಾತೆಗೆ ಎತ್ತಬೇಕು, ಆಮೇಲೆ ಎಡದ ಮೊತ್ತ ಬಲದ ಮೊತ್ತ ತಾಳೆ ನೋಡಬೇಕು. ಒಂದು ಆಣೆ ಹೆಚ್ಚು ಕಡಿಮೆಯಾದರೂ ಮತ್ತೆ ಮೊದಲಿನಿಂದ. ಅಣ್ಣ "ಒಂದ ಆಣೇಕ ಇಷ್ಟ್ಯಾಕ ಒದ್ದಾಡ್ತಿ" ಎನ್ನುತ್ತಿದ್ದ. ಒದ್ದಾಟ ಆಣೆಗಲ್ಲ ಎಂದು ಅವನಿಗೆ ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಅಂಗಡಿಯ ಪೆಟ್ಟಿಗೆಗೆ ಅವನು ಕೈಹಾಕಿ ಮನೆಗೆ ಬೆಲ್ಲ ತಂದ ದಿನ ನಮ್ಮಿಬ್ಬರಿಗೂ ಜಗಳವಾಯಿತು. ನಾನು ಅದನ್ನು ಅಣ್ಣನ ಹೆಸರಿಗೆ ಖರ್ಚು ಬರೆದಿದ್ದೆ.

"ನನ್ನ ಅಂಗಡಿ, ನನ್ನ ಪೆಟಗಿ, ನನಗ ಖರ್ಚ ಬರೀತಿ?"

"ಅಂಗಡಿ ಬ್ಯಾರೆ, ನೀ ಬ್ಯಾರೆ. ನೀ ತಗೊಂಡಿ, ನಿನ್ನ ಹೆಸರಿಗೆ ಬಿತ್ತು."

"ಹಂಗಾದ್ರ ಬೆಲ್ಲ ತಿಂದವರ ಹೆಸರಿಗೆಲ್ಲಾ ಬರಿ. ನೀನೂ ತಿಂದೀಯಲ್ಲ!"

ಅವನ ಮಾತಿಗೆ ಅತ್ತಿಗೆ ಒಲೆಯ ಮುಂದೆ ಮುಖ ಮರೆಮಾಡಿಕೊಂಡು ನಕ್ಕಳು. ಅತ್ತಿಗೆ ಮಾತು ಕಡಿಮೆಯ ಹೆಂಗಸು. ನನಗಿಂತ ಸ್ವಲ್ಪ ದೊಡ್ಡವಳು. ನಾವಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಇಷ್ಟು ವರ್ಷ ಕೂತಿದ್ದರೂ ಅವಳ ಮನಸ್ಸಿನಲ್ಲೇನಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅಳಲೆಕಾಯಿ ಒಣಗಿದರೆ ತೂಕ ಇಳಿಯುತ್ತದೆ. ಮೊದಲ ವರ್ಷ ಇದು ಅಣ್ಣನ ತಲೆಗೆ ಹೋಗಲಿಲ್ಲ. ಹಸಿ ಇದ್ದಾಗ ತೂಗಿ ಕೊಂಡ, ಒಣಗಿದ ಮೇಲೆ ತೂಗಿ ಮಾರಿದ, ನಡುವೆ ಎಷ್ಟೋ ಚೀಲ ಮಾಯವಾದಂತೆ ಕಂಡಿತು. ಹಮಾಲರು ಕದ್ದರೆಂದು ಕೂಗಾಡಿದ. ನಾನು ಒಂದು ಬುಟ್ಟಿ ಕಾಯಿ ತೂಗಿ ಅಂಗಳದಲ್ಲಿ ಹರವಿ, ಕೆಲವು ದಿನ ಬಿಟ್ಟು ಅದನ್ನೇ ಅವನ ಎದುರಿಗೆ ಮತ್ತೆ ತೂಗಿಸಿದೆ. ಅವನು ತಕ್ಕಡಿಯನ್ನೇ ನೋಡುತ್ತ ನಿಂತ.

"ಇದನ್ನ ಯಾರ ಹೆಸರಿಗೆ ಖರ್ಚ ಹಾಕ್ತಿ ಈಗ? ಬಿಸಲಿನ ಹೆಸರಿಗೆ?" ಎಂದು ಕೇಳಿದ.

"ಹೌದು, ಬಿಸಲಿನ ಹೆಸರಿಗೇ," ಎಂದೆ. ಒಣಗಿನ ಖಾತೆ ಎಂದು ಹೊಸದೊಂದು ಖಾತೆ ತೆರೆದೆ. ಬಿಸಿಲು ಎಷ್ಟು ತೆಗೆದುಕೊಂಡಿತೋ ಅಷ್ಟೂ ಅಲ್ಲಿ ಬರೆದೆ. ಗೋಣಿಚೀಲಕ್ಕೆ, ಹಮಾಲಿಗೆ, ಗಾಡಿಗೆ, ಕಡೆಗೆ ಬಿಸಿಲಿಗೂ ಒಂದು ಖಾತೆಯಿದ್ದ ಆ ಪುಸ್ತಕದಲ್ಲಿ ನನ್ನದೊಂದು ಖಾತೆಯಿರಲಿಲ್ಲ. ಬರೆಯುವವಳಿಗೆ ಪಗಾರವೂ ಇರಲಿಲ್ಲ. ಒಮ್ಮೊಮ್ಮೆ ರೈಲಿನಲ್ಲಿ ಮರಳಿ ಬರುವಾಗ, ಕಾಲು ಜೋಮು ಹಿಡಿದು ಕೂತಾಗ, ಈ ಸಂಗತಿ ನೆನಪಾಗಿ ಮೈಯೆಲ್ಲ ಭಾರವಾಗುತ್ತಿತ್ತು.

ಈ ನಡುವೆ ಖಾನಾಪುರದಲ್ಲಿ ಒಂದು ವಿಚಿತ್ರ ನಡೆಯಿತು. ಅಣ್ಣನ ವಖಾರಿಯಲ್ಲಿ ಮನೆದೇವರೇ ಭಾಗೀದಾರ ಎಂಬ ಸುದ್ದಿ ಹಬ್ಬಿತು. ನಮ್ಮ ಮನೆದೇವರ ಗುಡಿ ಖಾನಾಪುರದಿಂದಾಚೆ ಕಣಕುಂಬಿಯ ದಾರಿಯಲ್ಲಿದೆ, ಕಾಯಿ ತರುವವರಿಗೆಲ್ಲ ಆ ದೇವರ ಮೇಲೆ ಭಯಭಕ್ತಿ. ದೇವರ ರೊಕ್ಕದಿಂದ ನಡೆಯುವ ತಕ್ಕಡಿ ಮೋಸ ಮಾಡುವುದಿಲ್ಲವೆಂದು ಅವರು ನಮ್ಮಲ್ಲಿಗೇ ಬರತೊಡಗಿದರು. ಅಣ್ಣ ಅದನ್ನು ತಡೆಯಲಿಲ್ಲ. ಸಂತೆಯ ದಿನ ಲೆಕ್ಕ ಓದುವಾಗ ಮನೆದೇವರ ಖಾತೆಯನ್ನೇ ಮೊದಲು ಓದಿಸುತ್ತಿದ್ದ. ನಾನು "ಮನಿದೇವರ ಜಮಾ" ಎಂದ ಕೂಡಲೇ ಎಲ್ಲರೂ ಕೈಮುಗಿಯುತ್ತಿದ್ದರು. ಅಣ್ಣನೂ ಕಣ್ಣುಮುಚ್ಚಿ ಮುಗಿಯುತ್ತಿದ್ದ. ಮೊದಮೊದಲು ಕಣ್ಣು ತೆರೆದು ನನ್ನ ಕಡೆ ನೋಡಿ ಸಣ್ಣಗೆ ನಗುತ್ತಿದ್ದ. ಆಮೇಲಾಮೇಲೆ ನೋಡುವುದನ್ನು ಬಿಟ್ಟ. ಅದನ್ನು ಗಮನಿಸಿದ್ದೆ, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ.

ಮೂರನೆಯ ವರ್ಷ ನಮ್ಮ ಓಣಿಯ ಹೆಣ್ಣುಮಕ್ಕಳ ಸಾಲೆಗೆ ಹೊಸ ಶಿಕ್ಷಕಿ ಬಂದರು. ನನ್ನ ಹಾಗೆಯೇ ಗಂಡನಿಲ್ಲದವರು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ತಮ್ಮ ಪಗಾರ ತಾವೇ ಎಣಿಸಿಕೊಂಡು, ಒಂದು ಕೋಣೆ ಹಿಡಿದು ಇದ್ದರು. ಬಾವಿಯ ಹತ್ತಿರ ನನ್ನ ಜೊತೆ ಮಾತಿಗೆ ನಿಂತವರು ನಾನು ಲೆಕ್ಕ ಬರೆಯುತ್ತೇನೆಂದು ಕೇಳಿ, "ನೀವು ಟ್ರೇನಿಂಗಿಗೆ ಯಾಕ ಹೋಗಬಾರದ್ರೀ? ಊಟಕ್ಕ, ಇರಾಕ ಒಂದಿಷ್ಟು ರೊಕ್ಕ ಇದ್ರ ಸಾಕು," ಎಂದರು. ತುಂಬಿದ ಕೊಡಕ್ಕೇ ಮತ್ತೆ ನೀರು ಸುರಿಯುತ್ತಿದ್ದುದು ನನ್ನ ಗಮನಕ್ಕೇ ಬರಲಿಲ್ಲ. ನನಗೆ ಬೇಕಾದದ್ದು ಇದೇ ಎಂದು ಆ ಕ್ಷಣಕ್ಕೆ ತಿಳಿಯಿತು. ಬೇರೆ ಊರು, ಬೇರೆ ಕೋಣೆ, ಯಾರೂ ಅಯ್ಯೋ ಪಾಪ ಎನ್ನದ ಮುಂಜಾವು. ರೊಕ್ಕವಂತೂ ಇತ್ತು. ನನ್ನದೇ.

ಅಣ್ಣನಿಗೆ ಹೇಳಲು ಒಳ್ಳೆಯ ಹೊತ್ತು ನೋಡುತ್ತಿದ್ದೆ. ಅಷ್ಟರಲ್ಲಿ ಅವನೇ ಒಂದು ಸುದ್ದಿ ತಂದ. ದೀಪಾವಳಿ ಹತ್ತಿರ ಬಂದಿತ್ತು. ಖಾನಾಪುರದಲ್ಲಿ ಎಲ್ಲರೆದುರು ಅವನು ಮಾತು ಕೊಟ್ಟು ಬಂದಿದ್ದ. ಅಮಾವಾಸ್ಯೆಯ ಲಕ್ಷ್ಮೀಪೂಜೆಯ ದಿನ ಮನೆದೇವರ ಖಾತೆಯ ಹಣವನ್ನಷ್ಟೂ ಅಯ್ಯನವರ ಕೈಗೆ ಒಪ್ಪಿಸುವುದು, ಅದರಲ್ಲಿ ದೇವರಿಗೆ ಬೆಳ್ಳಿಯ ಮುಖ ಮಾಡಿಸುವುದು.

ನಾನು ಹಿಟ್ಟು ನಾದುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದೆ. "ಅಣ್ಣ, ಅದು ನನ್ನ ಪಾಟ್ಲಿ," ಎಂದೆ.

ಅವನು ನನ್ನನ್ನು ನೋಡಿದ ರೀತಿಯನ್ನು ಇಂದಿಗೂ ಮರೆತಿಲ್ಲ. ಅದರಲ್ಲಿ ಕಪಟವಿರಲಿಲ್ಲ, ನಿಜವಾಗಿ ಬೆಚ್ಚಿಬಿದ್ದಿದ್ದ. "ದೇವರ ಮುಂದ ಇಟ್ಟದ್ದನ್ನ ತಿರುಗಿ ಕೇಳ್ತಿ?"

"ದೇವರಿಗೆ ಕೊಟ್ಟಿದ್ದಿಲ್ಲ. ನನ್ನ ಹೆಸರು ಬರಿಯಾಕ ನಿನಗ ಹೆದರಿಕಿ ಆತು, ಅದಕ್ಕ ದೇವರ ಹೆಸರು ಬರದ್ವಿ. ನೀನ ಅಂದಿದ್ದಿ, ನಮ್ಮೊಳಗ ಗೊತ್ತೈತಿ ಅಂತ."

"ಅಂದಿರಬಹುದು. ಆದ್ರ ಈ ಮೂರು ವರ್ಷ ಯಾರು ನಡಿಸಿದ್ರು ಈ ವ್ಯಾಪಾರ? ಆ ದೇವರಿಂದನ ನಡದೈತಿ. ಪುಸ್ತಕ ತಗಿ, ಏನ್ ಬರದೀ ಓದು."

ಪುಸ್ತಕ ತೆಗೆಯುವ ಅಗತ್ಯವಿರಲಿಲ್ಲ. ಮೊದಲ ಪುಟ, ಮೊದಲ ಸಾಲು, ನನ್ನದೇ ಅಕ್ಷರ. ಅಣ್ಣ ಕದ್ದನೆಂದು ನಾನು ಎಂದೂ ಹೇಳಲಾರೆ. ವಾರವಾರ ಕೈಮುಗಿದು ಕೈಮುಗಿದು ಅವನು ನಂಬಿಬಿಟ್ಟಿದ್ದ. ಕದ್ದವನ ಜೊತೆ ಜಗಳವಾಡಬಹುದು, ನಂಬಿದವನ ಜೊತೆ ಹೇಗೆ ಆಡುವುದು? "ಧಾರವಾಡಕ್ಕ ಹೋಗಾಕ ನನಗ ಆ ರೊಕ್ಕ ಬೇಕು," ಎಂದು ಮಾತ್ರ ಹೇಳಿದೆ. ಅವನು ಪಟಕ ಸುತ್ತಿಕೊಂಡು ಹೊರಗೆ ಹೋದ. ಅತ್ತಿಗೆ ನಾನು ಬಿಟ್ಟ ಹಿಟ್ಟನ್ನು ತಾನು ನಾದತೊಡಗಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು, ಯಾಕೆಂದರೆ ಸಿಟ್ಟು ಮಾಡಲು ಅಲ್ಲಿ ಇನ್ನಾರೂ ಇರಲಿಲ್ಲ.

ಅಮಾವಾಸ್ಯೆಯ ದಿನ ಮೂವರೂ ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಯಾರ ಹಸ್ತೆಯಿಂದ ಹಣ ಬಂದಿತ್ತೋ ಅವರ ಹಸ್ತೆಯಿಂದಲೇ ಹೋಗಬೇಕೆಂದು ಅಣ್ಣ ಅತ್ತಿಗೆಯನ್ನು ಕರೆತಂದಿದ್ದ. ಇಂಥ ಕಟ್ಟಳೆಗಳೆಲ್ಲ ಅವನಿಗೆ ಚೆನ್ನಾಗಿ ನೆನಪಿರುತ್ತಿದ್ದವು. ವಖಾರಿಯನ್ನು ಗುಡಿಸಿ, ಸಾರಿಸಿ, ಮಾವಿನೆಲೆ ಕಟ್ಟಿದ್ದರು. ಕಾಯಿ ತರುವ ಹಳ್ಳಿಗರು ಹೆಂಡಿರು ಮಕ್ಕಳೊಂದಿಗೆ ಬಂದು ಅಂಗಳದಲ್ಲಿ ಕೂತಿದ್ದರು. ನಾನು ಎಂದಿನಂತೆ ಪೂಜೆಗೆ ದೂರವಾಗಿ, ಚೀಲಗಳ ಬದಿಗೆ, ಹಳೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತೆ. ಅಳುವ ಶಕ್ತಿಯೂ ಇರಲಿಲ್ಲ. ಬೇಗ ಮುಗಿಯಲಿ, ಖರ್ಚು ಬರೆದು ಖಾತೆ ಮುಚ್ಚಿ ಒಂದು ಮೂಲೆಯಲ್ಲಿ ಅಡ್ಡಾದರೆ ಸಾಕು ಎನಿಸುತ್ತಿತ್ತು.

ಪೂಜೆಯಾಯಿತು. ಅಣ್ಣ ಪೆಟ್ಟಿಗೆ ತೆರೆದು ಹಣವನ್ನು ಅದೇ ಕೆಂಪು ಚೀಲಕ್ಕೆ ತುಂಬಿ ಅತ್ತಿಗೆಯ ಕೈಗೆ ಕೊಟ್ಟ. ಅಯ್ಯನವರು ಶಾಲು ಸರಿಮಾಡಿಕೊಂಡು ಎರಡೂ ಕೈ ಮುಂದೆ ಚಾಚಿದರು. ಅತ್ತಿಗೆ ಅವರ ಮುಂದೆ ಬಂದಳು, ಬಗ್ಗಿ ನಮಸ್ಕಾರ ಮಾಡಿದಳು. ಮಾಡಿ, ಅವರನ್ನು ದಾಟಿ ಚೀಲಗಳ ಬದಿಗೆ ನಾನಿದ್ದಲ್ಲಿಗೆ ಬಂದಳು.

ನನ್ನ ತೊಡೆಯ ಮೇಲಿನ ಪುಸ್ತಕವನ್ನೆತ್ತಿ ಪಕ್ಕಕ್ಕಿಟ್ಟಳು. ನನ್ನ ಸೆರಗಿನ ತುದಿಯನ್ನು ತಾನೇ ಹಿಡಿದು ಮುಂದೆ ಹರವಿದಳು. ಕೆಂಪು ಚೀಲ ಬಿಚ್ಚಿ ಅದರಲ್ಲಿದ್ದದ್ದನ್ನು ನನ್ನ ಉಡಿಗೆ ಸುರಿದಳು. ಮುತ್ತೈದೆಯರಿಗೆ ಉಡಿ ತುಂಬುವ ಹಾಗೆ, ಎರಡೂ ಕೈಯಿಂದ, ಅವಸರವಿಲ್ಲದೆ. ಗಂಡ ಹೋದ ದಿನದಿಂದ ನನ್ನ ಉಡಿಗೆ ಯಾರೂ ಒಂದು ಕಾಳು ಅಕ್ಕಿಯನ್ನೂ ಹಾಕಿರಲಿಲ್ಲ.

"ಏನಿದು?" ಎಂದು ಅಣ್ಣ ಎದ್ದು ನಿಂತ.

"ಪುಸ್ತಕದಾಗ ನನ್ನ ಹೆಸರು ಹಸ್ತೆ ಅಂತ ಐತಲ್ರೀ," ಎಂದಳು ಅತ್ತಿಗೆ. ಅವಳ ದನಿ ಅಂಗಳದವರೆಗೂ ಕೇಳಿಸಿತು. "ನಂದು ಬರೇ ಕೈ. ಅವತ್ತು ಈ ಚೀಲ ನನ್ನ ಕೈಗೆ ಕೊಟ್ಟಾಕಿ ಇಕಿ. ದೇವರು ಬಂದು ಕೊಟ್ಟಿದ್ದಿಲ್ಲ. ಯಾರು ಕೊಟ್ಟಿದ್ರೋ ಅವರಿಗೇ ಮುಟ್ಟಿಸೇನಿ. ದೇವರ ಮುಂದನ ಮುಟ್ಟಿಸೇನಿ."

ಅಯ್ಯನವರು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, "ನನ್ನ ದಕ್ಷಿಣಿ ಅಂತೂ ಬ್ಯಾರೆ ಐತಿ ಅಲ್ಲೋ?" ಎಂದು ಅಣ್ಣನನ್ನು ಕೇಳಿದರು. ಅಂಗಳದಲ್ಲಿ ಯಾರೋ ನಕ್ಕರು. ಕಾಯಿ ತರುವ ಮುದುಕಿಯೊಬ್ಬಳು ನನ್ನ ಹತ್ತಿರ ಸರಿದು, "ಅಕ್ಕಾ, ಗಂಟು ಬಿಗದು ಕಟ್ಟರಿ, ಚೆಲ್ಲತೈತಿ," ಎಂದಳು. ಅಣ್ಣ ವಖಾರಿಯ ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ನಾನು ಸೆರಗನ್ನು ಗಂಟು ಕಟ್ಟಿದೆ. ಆಮೇಲೆ ಪುಸ್ತಕ ತೆಗೆದು, ಬಲಬದಿಗೆ, 'ಮನೆದೇವರ ಹೆಸರಿಗೆ ಖರ್ಚು' ಎಂದು ಬರೆದು, ಹಸ್ತೆ ಅತ್ತಿಗೆಯ ಹೆಸರು ಹಾಕಿದೆ. ದೇವರು ಕೊಡದೆ ಜಮಾ ಆಗಿದ್ದದ್ದು ದೇವರು ತೆಗೆದುಕೊಳ್ಳದೆ ಖರ್ಚಾಯಿತು. ಎಡ ಬಲ ಕೂಡಿಸಿ ನೋಡಿದೆ, ಒಂದು ಪೈ ವ್ಯತ್ಯಾಸವಿರಲಿಲ್ಲ. ಬರೆಯುವಾಗ ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. "ವೈನಿ, ನಾ ಧಾರವಾಡಕ್ಕ ಹೋಗಿಬಿಡ್ತೀನಿ, ನೀ ಅಣ್ಣನ ಸಿಟ್ಟಿನ ಜೋಡಿ ಅದ ಮನ್ಯಾಗ ಇರಬೇಕಲ್ಲ," ಎಂದೆ. "ಇರತೀನಿ. ಎಲ್ಲಿ ಹೋಗ್ಲಿ?" ಎಂದಳು. ಅವಳ ಕೈಯನ್ನು ನಾನು ಹಿಡಿದುಕೊಂಡೆ.

ಮರುದಿನ ಪಾಡ್ಯ. ಮೂರು ವರ್ಷಕ್ಕೆ ಹಳೆಯ ಪುಸ್ತಕ ತುಂಬಿತ್ತು, ಹೊಸ ಪುಸ್ತಕ ಬರೆಯುವ ದಿನ. ರಾತ್ರಿ ನಾವು ಖಾನಾಪುರದಲ್ಲೇ ಉಳಿದಿದ್ದೆವು. ಮುಂಜಾನೆ ಅಣ್ಣ ಸ್ನಾನ ಮಾಡಿ ಬಂದು ವಖಾರಿಯಲ್ಲಿ ಪುಸ್ತಕದ ಮುಂದೆ ಒಬ್ಬನೇ ಕೂತಿದ್ದ. ಪಾಡ್ಯದಂದೇ ಹಳ್ಳಿಗರಿಗೆ ಮುಂಗಡ ಕೊಡಬೇಕು, ಇಲ್ಲದಿದ್ದರೆ ಹಂಗಾಮಿಗೆ ಕಾಯಿ ಬೇರೆಯವರ ವಖಾರಿಗೆ ಹೋಗುತ್ತದೆ. ಮುಂಗಡ ಕೊಡಲು ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ದೇವರ ಮುಖಕ್ಕೆ ಕೊಟ್ಟಿದ್ದರೂ ಇರುತ್ತಿರಲಿಲ್ಲ. ಅದನ್ನು ಹಿಂದಿನ ದಿನ ಅವನು ಯೋಚಿಸಿರಲಿಲ್ಲ, ಈಗ ಯೋಚಿಸುತ್ತಿದ್ದನೆಂದು ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಅವನು ಕೇಳಲಿಲ್ಲ. ನಿಟ್ಟುಸಿರನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಹಾಗೇ ಎದ್ದು ಹೋಗುತ್ತಿದ್ದೆ.

ಆ ವಖಾರಿಯನ್ನು ನಾನೂ ಕಟ್ಟಿದ್ದೆ. ಅದು ಮುಳುಗುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ, ಇದು ನನ್ನ ದೌರ್ಬಲ್ಯವೆಂದರೂ ಸರಿಯೇ. ಗಂಟು ಬಿಚ್ಚಿ ಅರ್ಧ ಹಣ ಎಣಿಸಿ ಪುಸ್ತಕದ ಪಕ್ಕ ಇಟ್ಟೆ. ಉಳಿದರ್ಧ ಧಾರವಾಡಕ್ಕೆ ಸಾಕಾಗುತ್ತಿತ್ತು.

"ಇದು ಅಂಗಡಿಗೆ. ಬರಿ," ಎಂದೆ.

"ನೀ ಬರಿ. ಬರಿಯಾಕಿ ನೀನ ಅಲ್ಲೇನು?"

"ಈ ಸಾಲು ನೀನ ಬರೀಬೇಕು. ನನ್ನ ಹೆಸರಿಗೆ ಜಮಾ. ಹಸ್ತೆ ಯಾರೂ ಇಲ್ಲ, ನಾನ ಕೊಟ್ಟೀನಿ."

ಅವನು ಲೇಖಣಿ ಅದ್ದಿದ. ಬಹಳ ಹೊತ್ತು ಪುಟದ ಮೇಲೆ ಕೈ ಹಿಡಿದು ಕೂತ, ಒಂದು ಹನಿ ಮಸಿ ಪುಟದ ಅಂಚಿಗೆ ಬಿತ್ತು. ಅತ್ತಿಗೆ ಬಾಗಿಲಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ಅಣ್ಣ ಬರೆದ. ನನ್ನ ಹೆಸರು, ಅಪ್ಪನ ಹೆಸರು, ಮೊತ್ತ. ಸಾಲೆ ಬಿಟ್ಟ ಮೇಲೆ ಅಷ್ಟು ಉದ್ದ ಅವನು ಬರೆದಿರಲಿಲ್ಲವೇನೋ, ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಬರೆದು ಮುಗಿಸಿ ನನ್ನ ಮುಖ ನೋಡಿದ. ಹೊಗಳಲಿ ಎಂಬಂತಿತ್ತು ಆ ನೋಟ.

ಬಲಕ್ಕೆ ಬರೆದಿದ್ದ.

"ಅಣ್ಣ, ಎಡಕ್ಕ! ಜಮಾ ಎಡಕ್ಕ! ಈಗ ನಾನ ಅಂಗಡಿಗೆ ಸಾಲಗಾರಳಾದೆ!"

ಅವನು ಹೌಹಾರಿ ಅದನ್ನು ಹೊಡೆದುಹಾಕಲು ಲೇಖಣಿ ಇಳಿಸಿದ. ಅಪ್ಪ ನನ್ನ ಕೈ ಹಿಡಿದಂತೆ ನಾನು ಅವನ ಕೈ ಹಿಡಿದೆ. "ಮೊದಲ ಪುಟ ಐತಿ. ಹೊಡೀಬಾರದು."

"ಮತ್ತ?"

"ಎಡಕ್ಕ ಅಷ್ಟ ಮೊತ್ತ ನನ್ನ ಹೆಸರಿಗೆ ಬರದು ಈ ತಪ್ಪು ತೀರಸು. ಆಮ್ಯಾಲೆ ಅದರ ಕೆಳಗ ಖರೇ ಜಮಾ ಮತ್ತೊಮ್ಮೆ ಬರಿ."

ಅವನು ಲೆಕ್ಕ ಹಾಕುವವನಂತೆ ಬೆರಳು ಮಡಚಿ ನೋಡಿಕೊಂಡ. ಆಮೇಲೆ ಬಗ್ಗಿ ಬರೆಯತೊಡಗಿದ. ತಪ್ಪು ತೀರಿಸಲು ಒಮ್ಮೆ, ನಿಜಕ್ಕೆ ಇನ್ನೊಮ್ಮೆ. ಬರೆಯುತ್ತ ಬರೆಯುತ್ತ ಅಕ್ಷರ ಸ್ವಲ್ಪ ಸುಧಾರಿಸಿತು. ನನಗೆ ನಗು ಬಂತು, ಎಷ್ಟೋ ವರ್ಷಗಳ ದಣಿವೆಲ್ಲ ಆ ನಗುವಿನಲ್ಲಿತ್ತು, ನಗುತ್ತ ನಗುತ್ತ ಅಳುವೂ ಬಂತು. ಅತ್ತಿಗೆ ಬಂದು ಬಗ್ಗಿ ನೋಡಿದಳು. ಅವಳಿಗೆ ಅಂಕಿ ಗೊತ್ತಿತ್ತು, ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ಬೆರಳಿನಿಂದ ಒಂದೊಂದೇ ಸಾಲು ತೋರಿಸಿ ಕೇಳಿದಳು.

"ಇದು ನಿನ್ನ ಹೆಸರೇನು?"

"ಹೌದು."

"ಇದು?"

"ಅದೂ ನಂದ."

"ಮತ್ತ ಇದು?"

"ಅದೂ," ಎಂದ ಅಣ್ಣ, ತಲೆಯೆತ್ತದೆ.

ಅತ್ತಿಗೆ ಬೆರಳು ಅರಿಶಿನದಲ್ಲಿ ಅದ್ದಿ ಮೂರಕ್ಕೂ ಹಚ್ಚಿದಳು.